ತಟ್ಟೆಯಲ್ಲಿ ಉಳಿದ ಮೀಸೆ

ಒಬ್ಬರ ಮುಖವನ್ನು ತಟ್ಟೆಯ ಮೇಲೆ ಬರೆಯುವುದು. ಅದೇ ತಟ್ಟೆಯಲ್ಲಿ ಅವರಿಗೆ ಊಟ ಬಡಿಸುವುದು. ಅವರು ಉಣ್ಣುತ್ತ ಹೋದಂತೆ ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಮೂಗು, ಕಡೆಗೆ ಗಲ್ಲ ಹೀಗೆ ಅವರ ಮುಖ ಅವರಿಗೇ ಪ್ರತ್ಯಕ್ಷವಾಗುವುದು! ಇಂಥದೊಂದು ಯೋಜನೆ ನನಗಿಂತ ಮೊದಲು ಯಾರ ತಲೆಗಾದರೂ ಹೊಳೆದಿದ್ದರೆ ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಹೊಳೆದಿರಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

"ಏನ್ರೀ, ಒಬ್ಬರೇ ನಗ್ತಾ ಇದ್ದೀರಿ?" ಎಂದಳು ಹೆಂಡತಿ.

"ನಿನ್ನ ತಟ್ಟೆಗಳಿಗೆ ಜೀವ ತುಂಬೋ ಯೋಚನೆ ಮಾಡ್ತಾ ಇದ್ದೆ."

"ನನ್ನ ತಟ್ಟೆಗಳ ತಂಟೆಗೆ ಬರಬೇಡಿ!"

ಅವಳ ಗಾಬರಿಗೆ ಕಾರಣವಿತ್ತು. ನನ್ನ ಹೆಂಡತಿ ಸಂಜೆ ಹೊತ್ತು ಮಣ್ಣಿನ ಪಾತ್ರೆ ಮಾಡುವ ತರಗತಿಗೆ ಹೋಗುತ್ತಾಳೆ. ಮೊದಮೊದಲು ಅವಳು ಮಾಡಿ ತಂದ ಬಟ್ಟಲುಗಳೆಲ್ಲ ನಿದ್ದೆ ಬಂದವರಂತೆ ಒಂದು ಕಡೆಗೆ ವಾಲುತ್ತಿದ್ದವು. "ಈ ವಯಸ್ಸಲ್ಲಿ ಮಣ್ಣಾಟ ಏನಮ್ಮ ನಿಂದು?" ಎಂದು ಅವಳ ಅಪ್ಪ, ಅಂದರೆ ನಮ್ಮ ಮಾವನವರು, ಮೂಗು ಮುರಿದಿದ್ದರು. ಆ ಒಂದು ಮಾತು ಅವಳಿಗೆ ಚೆನ್ನಾಗಿ ನಾಟಿತ್ತು. ಹಠ ಹಿಡಿದು ಚಕ್ರದ ಮುಂದೆ ಕೂತಳು. ಈಗ ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷದ ಊಟಕ್ಕೆಂದು ಮನೆಮಂದಿಗೆಲ್ಲ ಒಂದೊಂದು ತಟ್ಟೆ ಮಾಡಿದ್ದಳು. ಎಲ್ಲವೂ ಒಂದೇ ಅಳತೆ, ಒಂದೇ ಅಂಚು. ಮೊದಲ ಸಲ ಸುಟ್ಟಾಗಿತ್ತು. ಮೇಲೊಂದು ಮೆರುಗು ಹಚ್ಚಿ ಇನ್ನೊಮ್ಮೆ ಸುಟ್ಟರೆ ಮುಗಿಯಿತು, ಅಪ್ಪನ ಮುಂದೆ ಇಟ್ಟು ತಲೆ ಎತ್ತಿ ನಿಲ್ಲಬಹುದು.

ಇನ್ನು ನಮ್ಮ ಮಾವನವರ ವಿಷಯ. ಅವರು ಜೀವನವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದವರು. ಈಗ ಕೈ ನಿವೃತ್ತವಾಗಿದೆ, ಕಣ್ಣು ನಿವೃತ್ತವಾಗಿಲ್ಲ. ಬೀದಿಯಲ್ಲಿ ನಡೆಯುತ್ತಿದ್ದವರು ಗಕ್ಕನೆ ನಿಂತು, "ಆ ದೀರ್ಘ ನೋಡಿ, ಕುಂಟ್ತಾ ಇದೆ. ಪಾಪ, ಯಾರೋ ಅವಸರದಲ್ಲಿ ಬರೆದಿದ್ದಾರೆ" ಎಂದು ಮರುಗುತ್ತಾರೆ. ಹಿಂದೊಮ್ಮೆ ನಾನು ಬರೆದ ಕುದುರೆಯ ಚಿತ್ರವನ್ನು ಬಹಳ ಹೊತ್ತು ನೋಡಿ, "ಮೇಜು ಚೆನ್ನಾಗಿ ಬಂದಿದೆ ಅಳಿಯಂದಿರೇ" ಎಂದು ಹರಸಿದ್ದರು. ಆ ಕುದುರೆಯ ಸೇಡು ತೀರಿಸಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಕ್ಕೀತು?

ಆದ್ದರಿಂದ ಹೆಂಡತಿಯ ಬೆನ್ನು ಬಿದ್ದೆ. ಬೆಳಗಿನ ಕಾಫಿಗೊಮ್ಮೆ, ರಾತ್ರಿಯ ಊಟಕ್ಕೊಮ್ಮೆ ಅದೇ ರಾಗ. ಕೊನೆಗೆ ಅವಳು ಸೋತು, "ಹಾಳಾಗಿ ಹೋಗಲಿ, ಬರೀರಿ. ಆದ್ರೆ ತಟ್ಟೆ ಹಾಳಾಯ್ತೋ, ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದು ಅನುಮತಿ ಪತ್ರಕ್ಕೆ ಬಾಯಿಮಾತಿನ ಮುದ್ರೆ ಒತ್ತಿದಳು.

ಅಂಗಡಿಗೆ ಓಡಿದೆ. ಅಲ್ಲಿ ಇಂಥ ಕೆಲಸಕ್ಕೆಂದೇ ಸಿದ್ಧವಾದ ಬಣ್ಣಗಳು ಸಣ್ಣ ಸಣ್ಣ ಬಾಟಲಿಗಳಲ್ಲಿ ಸಿಗುತ್ತವೆ. ಅಂಡರ್‌ಗ್ಲೇಝ್ ಎನ್ನುತ್ತಾರೆ. ಇದನ್ನು ಹಚ್ಚಿ, ಮೇಲೆ ಗಾಜಿನಂಥ ಮೆರುಗು ಕೊಟ್ಟು ಸುಟ್ಟರೆ ಚಿತ್ರ ಮೆರುಗಿನ ಕೆಳಗೆ ಭದ್ರವಾಗಿ ಕೂರುತ್ತದೆ. ಪ್ರತಿ ಬಾಟಲಿಯ ಬೆನ್ನಿಗೂ ಎರಡೆರಡು ಬಣ್ಣದ ಚೌಕಗಳು. ಗುಲಾಬಿಯ ಬಾಟಲಿಯಲ್ಲಿ ಮೊದಲ ಚೌಕ ಸೊಗಸಾದ ಗುಲಾಬಿ, ಎರಡನೆಯದು ತೊಳೆದಿಟ್ಟ ಸುಣ್ಣದ ಗೋಡೆ! ಕಿತ್ತಳೆ, ನೇರಳೆ, ಹಳದಿ ಬಾಟಲಿಗಳಲ್ಲೂ ಅದೇ ಕಥೆ. "ಛೆ, ಲೇಬಲ್ ಅಚ್ಚು ಹಾಕುವವರು ಶಾಯಿಯಲ್ಲಿ ಎಷ್ಟು ಜಿಪುಣತನ ಮಾಡುತ್ತಾರೆ!" ಎಂದು ನೊಂದುಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿದೆ.

ತರಗತಿ ನಡೆಸುವ ಟೀಚರಮ್ಮನನ್ನು ಎಲ್ಲರೂ ಭಟ್ಟಿ ಮೇಡಂ ಎಂದೇ ಕರೆಯುತ್ತಾರೆ. ಪಾತ್ರೆ ಸುಡಲು ಅವರದು ಕರೆಂಟಿನ ಭಟ್ಟಿ, ಅವರ ಮಾತೂ ಹಾಗೆಯೇ, ಮುಟ್ಟಿದರೆ ಶಾಕ್.

"ಸರ್, ಮೊದಲು ಒಂದು ಚೂರಿನ ಮೇಲೆ ಹಚ್ಚಿ, ಸುಟ್ಟು ನೋಡಿ. ನೇರ ತಟ್ಟೆ ಮೇಲೆ ಕೈ ಇಡಬೇಡಿ" ಎಂದರು.

ನನಗೇ ಪರೀಕ್ಷೆ! ಆದರೂ ದೊಡ್ಡ ಮನಸ್ಸು ಮಾಡಿದೆ. ಒಂದು ಮಣ್ಣಿನ ಬಿಲ್ಲೆಯ ಮೇಲೆ ಎಲ್ಲ ಬಣ್ಣಗಳನ್ನೂ ಹಚ್ಚಿ, ಮೆರುಗು ಬಳಿದೆ. ಆ ದಿನ ಮಕ್ಕಳ ತರಗತಿಯವರು ಕೆಂಪು ಮಣ್ಣಿನಲ್ಲಿ ಮಾಡಿದ ಆನೆ, ಆಮೆಗಳು ಭಟ್ಟಿಗೆ ಹೋಗುತ್ತಿದ್ದವು. ಮೇಡಂ ಆಚೆ ತಿರುಗಿದಾಗ ನನ್ನ ಬಿಲ್ಲೆಯನ್ನೂ ಒಂದು ಆಮೆಯ ಪಕ್ಕಕ್ಕೆ ಕೂರಿಸಿದೆ. ಮಾರನೆಯ ದಿನ ತೆಗೆದು ನೋಡಿದರೆ, ಅಬ್ಬಬ್ಬಾ! ಗುಲಾಬಿ ನಾಚಿಕೊಂಡಿತ್ತು, ಕಿತ್ತಳೆ ಉರಿಯುತ್ತಿತ್ತು, ನೇರಳೆಗೆ ರಾಜಕಳೆ ಬಂದಿತ್ತು.

"ಪರೀಕ್ಷೆ ಆಯ್ತಾ ಸರ್?"

"ಆಯ್ತು ಮೇಡಂ. ಫಸ್ಟ್ ಕ್ಲಾಸ್!"

ಯಾವ ಕಾವಿನಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ, ಬೆಂಕಿ ಎಂದರೆ ಬೆಂಕಿ, ಅದರಲ್ಲೇನು ಮೇಲು ಕೀಳು ಎನ್ನುತ್ತಿದ್ದೆ.

ಬರೆಯಲು ಕೂತೆ. ಕಪ್ಪು ಗೆರೆ ಎಳೆದರೆ ಮುಖ ಒರಟಾಗುತ್ತದೆಂದು ಗೆರೆಗಳನ್ನೆಲ್ಲ ನೇರಳೆಯಲ್ಲೇ ಎಳೆದೆ. ಚರ್ಮಕ್ಕೆ ಗುಲಾಬಿ, ಕಿತ್ತಳೆ, ಹಳದಿಗಳನ್ನು ಬೆರೆಸಿ ನನ್ನದೇ ಒಂದು ಹದ ಕಂಡುಹಿಡಿದೆ. ಕಪ್ಪನ್ನು ತೀರ ಅಗತ್ಯವಿದ್ದ ಕಡೆ ಮಾತ್ರ ಬಳಸಿದೆ. ಮಾವನವರ ತಲೆಗೂದಲು ಪೂರ್ತಿ ಬೆಳ್ಳಗಾಗಿದ್ದರೂ ಮೀಸೆಗೆ ಮಾತ್ರ ತಪ್ಪದೆ ಕಪ್ಪು ಬಳಿದುಕೊಳ್ಳುತ್ತಾರೆ, ಅದಕ್ಕೆ ಕಪ್ಪು ಬೇಕೇ ಬೇಕು. ಅತ್ತೆಯವರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತಿರುತ್ತಾರೆ, ಅದೇ ಭಂಗಿಯಲ್ಲಿ ಬರೆದೆ. ಕನ್ನಡಕಕ್ಕೆ ಕಪ್ಪು, ಓಲೆಗೆ ಹಸಿರು. ಬಾಮೈದನ ಕೈಗೆ ಅವನ ಕಪ್ಪು ಫೋನ್ ಕೊಟ್ಟೆ, ಅದಿಲ್ಲದೆ ಅವನನ್ನು ನಾವ್ಯಾರೂ ಕಂಡಿಲ್ಲ. ಹೆಂಡತಿಯಿಂದ ಸುದ್ದಿ ತಿಳಿದ ನಾದಿನಿ ಫೋನ್ ಮಾಡಿ, "ಭಾವ, ನನ್ನನ್ನ ಒಳ್ಳೆ ಗುಲಾಬಿ ಹೂವಿನ ಥರ ಬರೀರಿ. ಗಲ್ಲದ ಮೇಲಿನ ಮಚ್ಚೆ ಮಾತ್ರ ಬೇಡ" ಎಂದು ತಾಕೀತು ಮಾಡಿದ್ದಳು. ನಿಷ್ಠಾವಂತ ಕಲಾವಿದನಾದ ನಾನು ಮಚ್ಚೆಯನ್ನು ಬಿಡಲಿಲ್ಲ. ಹೆಂಡತಿಗೆ ಅವಳ ದಟ್ಟ ಹುಬ್ಬುಗಳನ್ನು ಕಪ್ಪಿನಲ್ಲಿ ತಿದ್ದಿ, ಕೆಳಗೆ ಗುಲಾಬಿಯಲ್ಲಿ ಎಂಥ ಮುಗುಳುನಗೆ ಬರೆದೆನೆಂದರೆ, ಮದುವೆಯಾದ ಹೊಸತು ನೆನಪಾಗಿ ನಾನೇ ಸ್ವಲ್ಪ ಹೊತ್ತು ಕುಂಚ ಕೆಳಗಿಟ್ಟೆ.

ಕೊನೆಯದು ನನ್ನ ತಟ್ಟೆ. ಕನ್ನಡಕವಿಲ್ಲದ, ಮೀಸೆಯಿಲ್ಲದ, ಕೂದಲಿನ ಹಂಗೂ ಇಲ್ಲದ ಈ ಮುಖಕ್ಕೆ ಕಪ್ಪು ಏಕೆ ಬೇಕು? ಗುಲಾಬಿ ಕೆನ್ನೆ, ಹೊಳೆಯುವ ಬೋಳು ನೆತ್ತಿ, ನೇರಳೆಯ ಅರೆಮುಚ್ಚಿದ ಕಣ್ಣು, ತಲೆಯ ಸುತ್ತ ಹಳದಿಯ ಒಂದು ಸಣ್ಣ ಪ್ರಭೆ. ಪ್ರಭೆ ಸ್ವಲ್ಪ ಹೆಚ್ಚಾಯಿತೇನೋ ಎನಿಸಿತು. ಆದರೂ ಇರಲಿ ಎಂದು ಬಿಟ್ಟೆ.

ಆಮೇಲೆ ಎಲ್ಲ ತಟ್ಟೆಗಳ ಮೇಲೂ ಕಪ್ಪಿನಲ್ಲಿ ದೊಡ್ಡದಾಗಿ ಸಹಿ ಹಾಕಿದೆ. ನನ್ನ ಸಹಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಚೇರಿಯಲ್ಲಿ ಕಡತಗಳನ್ನು ಬೇರೆಯವರು ಬರೆಯುತ್ತಾರೆ, ಬೇರೆಯವರು ತಿದ್ದುತ್ತಾರೆ, ಕೊನೆಗೆ ನಾನು ಸಹಿ ಹಾಕುತ್ತೇನೆ. ಅದು ಮೊದಲು ಮೇಲಕ್ಕೆ ಹಾರಿ, ಬಲಕ್ಕೆ ಬಾಗಿ, ಎರಡು ಸುತ್ತು ಸುತ್ತಿ, ಅಡಿಗೆರೆಯ ಮೇಲೆ ಬಂದು ಕೂರುತ್ತದೆ.

"ಅಮ್ಮ ಊಟ ಮಾಡಬೇಕಾದ್ದು ನಿಮ್ಮ ಸಹಿ ಮೇಲಾ?" ಎಂದಳು ಹೆಂಡತಿ.

"ಕಲಾವಿದ ಅಂದ ಮೇಲೆ ಸಹಿ ಬೇಡವಾ? ನಾಳೆ ಯಾರಾದ್ರೂ ಇದು ಯಾರ ಕೆಲಸ ಅಂತ ಕೇಳಿದ್ರೆ?"

"ತಟ್ಟೆ ಮಾಡಿದವಳು ನಾನು. ಎಲ್ಲಾದ್ರೂ ಸಹಿ ಹಾಕಿದ್ದೀನಾ?"

"ಅದೇ ನಿನ್ನ ದೊಡ್ಡತನ" ಎಂದು ಹೊಗಳಿ ಮಾತು ಮುಗಿಸಿದೆ.

ಮೆರುಗು ಹಚ್ಚಿದ ತಟ್ಟೆಗಳು ಭಟ್ಟಿಗೆ ಹೋಗುವಾಗ ಮೇಡಂ, "ಇದು ಗಟ್ಟಿ ಜಾತಿಯ ಮಣ್ಣು ಸರ್, ಮಕ್ಕಳ ಕೆಂಪು ಮಣ್ಣಲ್ಲ. ಸಾವಿರದ ಇನ್ನೂರು ಡಿಗ್ರಿ ದಾಟಿಸಿದ್ರೇನೇ ಬೇಯೋದು. ಕಡಿಮೆ ಸುಟ್ರೆ ನೀರು, ಎಣ್ಣೆ ಎಲ್ಲ ಹೀರ್ಕೊಳ್ಳುತ್ತೆ, ಅಂಚು ಚಕ್ಕೆ ಏಳುತ್ತೆ. ನಿಮ್ಮ ಬಣ್ಣ ತಡ್ಕೊಳ್ಳುತ್ತೆ ತಾನೇ?" ಎಂದರು.

"ಮೇಡಂ, ಸ್ವಲ್ಪ ಬಿಸಿಲಿಗೆ ನಿಂತ್ರೆ ಕೆನ್ನೆ ಎಷ್ಟು ಕೆಂಪಾಗುತ್ತೆ! ಇನ್ನು ಇಷ್ಟು ಕಾವು ಕೊಟ್ರೆ ಕೇಳ್ಬೇಕಾ?"

ಮೇಡಂ ನನ್ನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿದರು. ಅವಳು ನಿಟ್ಟುಸಿರು ಬಿಟ್ಟು, "ಅಪ್ಪ ಅಮ್ಮ ದಿನಾ ಊಟ ಮಾಡೋ ತಟ್ಟೆ, ಗೋಡೆಗೆ ನೇತು ಹಾಕೋದಲ್ಲ. ಗಟ್ಟಿಯಾಗೇ ಸುಡಿ ಮೇಡಂ" ಎಂದಳು.

ಊಟದ ದಿನ ಬೆಳಿಗ್ಗೆ ಭಟ್ಟಿ ತಣ್ಣಗಾಯಿತು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದೆ. ಮೇಡಂ ಮುಚ್ಚಳ ಎತ್ತಿದರು. ನಾನು ಬಗ್ಗಿ ನೋಡಿದೆ.

ಮೊದಲ ತಟ್ಟೆಯಲ್ಲಿ ಮಾವನವರ ಮೀಸೆ ಇತ್ತು. ಮಾವನವರು ಇರಲಿಲ್ಲ!

ಕಣ್ಣುಜ್ಜಿಕೊಂಡು ನೋಡಿದೆ. ಹಾಲಿನಂಥ ಬಿಳಿ ತಟ್ಟೆ, ನಡುವೆ ಕಪ್ಪನೆಯ ಗಿರಿಜಾ ಮೀಸೆ, ಕೆಳಗೆ ನನ್ನ ಸಹಿ. ಎರಡನೆಯದರಲ್ಲಿ ಎರಡು ಹಸಿರು ಓಲೆ, ಅವುಗಳ ಮೇಲೆ ನಿರಾಧಾರವಾಗಿ ತೇಲುವ ಒಂದು ಕನ್ನಡಕ, ಸಹಿ. ಮೂರನೆಯದರಲ್ಲಿ ಫೋನ್, ಸಹಿ. ಗುಲಾಬಿ ಹೂವಿನಂತೆ ಬರೆಯಿರೆಂದ ನಾದಿನಿಯ ತಟ್ಟೆಯಲ್ಲಿ ಬೇಡವೆಂದ ಮಚ್ಚೆಯೊಂದೇ! ಹೆಂಡತಿಯ ತಟ್ಟೆಯಲ್ಲಿ ಮುಗುಳುನಗೆ ಆವಿಯಾಗಿ ಹೋಗಿ, ಎರಡು ದಟ್ಟ ಹುಬ್ಬುಗಳು ಗಂಟಿಕ್ಕಿಕೊಂಡು ನನ್ನನ್ನೇ ದುರುಗುಟ್ಟುತ್ತಿದ್ದವು. ಮೆಲ್ಲಗೆ ಪಕ್ಕಕ್ಕೆ ತಿರುಗಿದೆ. ತಟ್ಟೆಗೂ ಅವಳಿಗೂ ಏನೇನೂ ವ್ಯತ್ಯಾಸವಿರಲಿಲ್ಲ.

"ಪರೀಕ್ಷೆ ಬಿಲ್ಲೆ ಯಾವ ಭಟ್ಟೀಲಿ ಇಟ್ಟಿದ್ರಿ ಸರ್?" ಎಂದರು ಮೇಡಂ, ತೀರ ಮೆತ್ತಗೆ.

"ಮಕ್ಕಳ ಆಮೆ ಪಕ್ಕ..."

"ಅದು ಸಾವಿರದ ಚಿಲ್ಲರೆ ಡಿಗ್ರಿ ಸರ್! ಈ ಗುಲಾಬಿ, ಕಿತ್ತಳೆ, ನೇರಳೆ, ಹಳದಿ ಅಲ್ಲೀವರೆಗೆ ಮಾತ್ರ ಇರೋದು. ಆಮೇಲೆ ಸುಟ್ಟು ಹಾರಿ ಹೋಗ್ತವೆ. ಎಲ್ಲ ಕಂಪೆನಿ ಬಣ್ಣಾನೂ ಹೀಗಲ್ಲ, ನೀವು ತಂದಿದ್ದು ಹೀಗೆ. ಕಪ್ಪು, ಹಸಿರು ಗಟ್ಟಿ ಪಿಂಡಗಳು, ಉಳ್ಕೊಂಡಿವೆ. ಬಾಟಲಿ ಹಿಂದೆ ಕಡಿಮೆ ಕಾವಿಗೊಂದು, ಹೆಚ್ಚು ಕಾವಿಗೊಂದು ಅಂತ ಎರಡು ಚೌಕ ಇತ್ತಲ್ಲ, ನೋಡಲಿಲ್ವಾ?"

ನೋಡಿದ್ದೆ. ಶಾಯಿ ಉಳಿಸಿದ್ದಕ್ಕೆ ಅಚ್ಚು ಹಾಕಿದವರನ್ನು ಬೈದೂ ಇದ್ದೆ. ಆ ವಿವರ ಮೇಡಂಗೆ ಅನಗತ್ಯವೆನಿಸಿ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ತಟ್ಟೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ, "ಅಪ್ಪಂಗೆ ಒಂದ್ಸಲ ತೋರಿಸ್ಬೇಕು ಅಂತಿತ್ತು" ಎಂದಳು, ಅಷ್ಟೇ. ನನ್ನ ಕುದುರೆಯ ಸೇಡಿಗೆ ಅವಳ ತಟ್ಟೆಗಳು ಬಲಿಯಾಗಿದ್ದವು.

ಬೇರೆ ತಟ್ಟೆ ಮಾಡಲು ಹೊತ್ತೆಲ್ಲಿದೆ? ನಾನೇ ಒಂದು ಉಪಾಯ ಹೂಡಿದೆ. "ನೋಡು, ಒಳಗೇ ಬಡಿಸಿ ತಂದು ಇಟ್ಟುಬಿಡೋಣ. ಊಟದ ಕೆಳಗೆ ಏನಿದೆ ಅಂತ ಯಾರು ನೋಡ್ತಾರೆ? ಖಾಲಿ ಆಗೋಕೆ ಬಿಡದೆ ಬಡಿಸ್ತಾ ಇರೋ ಜವಾಬ್ದಾರಿ ನಂದು!" ನನ್ನ ಸ್ವಂತ ತಟ್ಟೆಯನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಅಡುಗೆಮನೆಯ ಅಟ್ಟದ ಮೇಲೆ, ದೊಡ್ಡ ಪಾತ್ರೆಗಳ ಹಿಂದೆ ಸೇರಿಸಿದೆ. ನನಗೆ ಸ್ಟೀಲ್ ತಟ್ಟೆಯೇ ಗತಿ.

ಎಲ್ಲರೂ ಬಂದರು, ಕೂತರು. ಶುರುವಾಯಿತು ನೋಡಿ ನನ್ನ ಉಪಚಾರ! ಮಾವನವರು ಒಂದು ತುತ್ತು ಎತ್ತಿದರೆ ನಾನು ಎರಡು ಸೌಟು ಹಾಕುತ್ತಿದ್ದೆ.

"ಸಾಕು ಅಳಿಯಂದಿರೇ."

"ಎಲ್ಲಿ ಸಾಕು ಮಾವ, ನೀವೇನೂ ತಿಂದೇ ಇಲ್ಲ!"

"ಅಯ್ಯೋ, ಬೇಡ ಅಂದ್ರೆ..."

"ನಿಮ್ಮ ಮಗಳ ಕೈರುಚಿ, ಇನ್ನೊಂಚೂರು!"

ಈ ಕಡೆ ಅತ್ತೆಯವರ ತಟ್ಟೆಯ ಅಂಚಿನಲ್ಲಿ ಹಸಿರು ಓಲೆ ಇಣುಕಿತು. ಹಾರಿ ಹೋಗಿ ಅದರ ಮೇಲೆ ಪಲ್ಯ ಸುರಿದೆ. ಆ ಕಡೆ ಬಾಮೈದನ ಫೋನಿನ ಮೂಲೆ ಕಂಡಿತು. ಅದಕ್ಕೊಂದು ಹಪ್ಪಳ ಮುಚ್ಚಿದೆ. ನಾದಿನಿ ಮಚ್ಚೆಯನ್ನು ಸಾಸಿವೆ ಕಾಳೆಂದುಕೊಂಡು ಬೆರಳಿನಿಂದ ಹೆಕ್ಕಲು ಹೆಣಗುತ್ತಿದ್ದಳು. ಸೌಟು ಹಿಡಿದು ಮೇಜಿನ ಸುತ್ತ ಓಡಿ ಓಡಿ ನನ್ನ ಶರ್ಟು ಬೆನ್ನಿಗಂಟಿತು. "ಅಳಿಯ ಅಂದ್ರೆ ಹೀಗಿರ್ಬೇಕು" ಎಂದು ಅತ್ತೆಯವರು ಕಣ್ಣು ತುಂಬಿಕೊಂಡರು.

ಆದರೆ ಮನುಷ್ಯನ ಹೊಟ್ಟೆಗೂ ಒಂದು ಮಿತಿ ಇದೆ. ಮಾವನವರು ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದು, "ಇನ್ನೊಂದು ಸೌಟು ಹಾಕಿದ್ರೆ ಎದ್ದು ಹೋಗ್ತೀನಿ!" ಎಂದು ಗುಡುಗಿದರು. ಹಾಕಿದ್ದನ್ನು ಬಿಟ್ಟು ಅಭ್ಯಾಸವಿಲ್ಲದವರು, ಒಂದೊಂದೇ ತುತ್ತಾಗಿ ಮುಗಿಸಿದರು. ಕೊನೆಯ ತುತ್ತಿನ ಕೆಳಗಿನಿಂದ ಮೀಸೆ ಎದ್ದು ಬಂತು!

ಮಾವನವರು ತಟ್ಟೆ ನೋಡಿದರು. ಎಡಗೈ ತಾನಾಗಿಯೇ ಹೋಗಿ ತಮ್ಮ ಮೀಸೆ ಮುಟ್ಟಿಕೊಂಡಿತು. ನಾನು ಸೌಟನ್ನು ಬೆನ್ನ ಹಿಂದೆ ಅಡಗಿಸಿದೆ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

"ಅಯ್ಯೋ, ಇಲ್ಲಿದೆಯಾ ನನ್ನ ಕನ್ನಡಕ!" ಎಂದು ಅತ್ತೆಯವರು ತಟ್ಟೆಗೆ ಕೈ ಹಾಕಿದರು. ಬಾಮೈದ ತನ್ನ ತಟ್ಟೆಯ ಫೋನ್ ಕಂಡು ಜೇಬು ಮುಟ್ಟಿ ನೋಡಿಕೊಂಡ. "ಭಾವಾ! ಬೇಡ ಅಂದಿದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದ್ದೀರಲ್ಲ!" ಎಂದು ನಾದಿನಿ ಚೀರಿದಳು. ಒಬ್ಬರ ತಟ್ಟೆ ಒಬ್ಬರು ಎತ್ತಿ ನೋಡಿ, ಇದು ಅಮ್ಮ, ಇದು ಇವನು, ಇದು ಇವಳು ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಹೆಂಡತಿಯ ಹುಬ್ಬಿನ ತಟ್ಟೆ ಕೈಯಿಂದ ಕೈಗೆ ಹೋಯಿತು. ಯಾರಿಗೂ ಯಾರದೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಮಾವನವರು ಮಾತ್ರ ನಗಲಿಲ್ಲ. ತಟ್ಟೆ ತೊಳೆಸಿ ತರಿಸಿದರು. ಬೆರಳಿನ ಗೆಣ್ಣಿನಿಂದ ಅಂಚಿಗೆ ಕುಟ್ಟಿದರು. ಟಣ್ಣೆಂದು ಗಂಟೆಯಂತೆ ಸದ್ದಾಯಿತು. ಕಣ್ಣಿನ ಮಟ್ಟಕ್ಕೆ ಹಿಡಿದು, ಬೋರ್ಡಿನ ಗೆರೆ ನೋಡುವಂತೆ ಅಂಚನ್ನು ಸುತ್ತ ತಿರುಗಿಸಿ ನೋಡಿದರು.

"ಇದು ಅಂಗಡೀದಲ್ವಾ? ನೀನೇ ಮಾಡಿದ್ದಾ?"

"ಹೂಂ ಅಪ್ಪ."

"ಎಲ್ಲೂ ಕುಂಟ್ತಾ ಇಲ್ಲ" ಎಂದರು ಮಾವನವರು. ತಟ್ಟೆಯನ್ನು ಇನ್ನೊಂದು ಸುತ್ತು ತಿರುಗಿಸಿ ಮತ್ತೆ, "ಎಲ್ಲೂ ಕುಂಟ್ತಾ ಇಲ್ಲ ಕಣಮ್ಮ" ಎಂದರು. ಅವಳ ಮುಖ ಆಗ ನೋಡಬೇಕಿತ್ತು! ಆ ಬಣ್ಣ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ನನ್ನ ಎದೆಯೂ ಎರಡು ಅಂಗುಲ ಉಬ್ಬಿತು. ನನ್ನ ಹೆಂಡತಿ ತಾನೇ!

ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಮಾವನವರು ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಬರೆಯೋನಿಗೆ ಕಷ್ಟ ಯಾವುದು ಗೊತ್ತಾ? ಎಲ್ಲಿ ಬಿಡಬೇಕು ಅನ್ನೋದು. ಒಂದು ಮೀಸೆ ಬರೆದು ಮನುಷ್ಯನ್ನ ನಿಲ್ಲಿಸಿಬಿಟ್ಟಿದ್ದೀರಿ! ಆ ಕುದುರೆ ಬರೆದೋರು ನೀವೇನಾ?"

ಬೋರ್ಡು ಬರೆದ ಕೈಯಿಂದ ಬಂದ ಪ್ರಶಸ್ತಿ! ನಿಜ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ಹೌದು ಮಾವ. ಅನವಶ್ಯಕವಾದದ್ದನ್ನೆಲ್ಲ ತೆಗೆದುಬಿಟ್ಟೆ. ಹುಟ್ಟುಗುಣ ಏನಿದೆಯೋ ಅದನ್ನ ಮಾತ್ರ ಉಳಿಸ್ಕೊಂಡೆ. ಬಹಳ ತಪಸ್ಸು ಬೇಕು ಇದಕ್ಕೆ!"

ಹೆಂಡತಿ ಕೆಮ್ಮಿದಳು. ನಾನು ಅತ್ತ ನೋಡಲಿಲ್ಲ.

"ನಿಮ್ಮದೆಲ್ಲಿ?" ಎಂದರು ಮಾವನವರು, ನನ್ನ ಸ್ಟೀಲ್ ತಟ್ಟೆ ನೋಡಿ.

"ನಂದಾ... ನಂದೇನು ಮಹಾ ಬಿಡಿ ಮಾವ..."

"ಅಟ್ಟದ ಮೇಲಿದೆ ಅಪ್ಪ" ಎಂದಳು ಹೆಂಡತಿ, ಜೇನಿನಂಥ ದನಿಯಲ್ಲಿ.

ನಾನು ಅಡ್ಡ ಹೋಗುವಷ್ಟರಲ್ಲಿ ಬಾಮೈದ ಸ್ಟೂಲ್ ಹತ್ತಿಯಾಗಿತ್ತು. ತಟ್ಟೆ ತಂದು ಮೇಜಿನ ನಟ್ಟನಡುವೆ ಇಟ್ಟ. ಎಲ್ಲರೂ ಬಗ್ಗಿದರು. ಗುಲಾಬಿ ಕೆನ್ನೆಯಿಲ್ಲ, ಹೊಳೆಯುವ ನೆತ್ತಿಯಿಲ್ಲ, ಅರೆಮುಚ್ಚಿದ ಕಣ್ಣಿಲ್ಲ, ಪ್ರಭೆಯಂತೂ ಇಲ್ಲವೇ ಇಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಅಚ್ಚ ಬಿಳುಪು. ಕೆಳಗೆ, ಮೇಲಕ್ಕೆ ಹಾರಿ, ಬಲಕ್ಕೆ ಬಾಗಿ, ಎರಡು ಸುತ್ತು ಸುತ್ತಿ, ಅಡಿಗೆರೆಯ ಮೇಲೆ ರಾಜಗಾಂಭೀರ್ಯದಿಂದ ಕೂತ ಸಹಿ ಮಾತ್ರ!

ಮಾವನವರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹೆಂಡತಿ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

"ಅಪ್ಪ, ಬೇರೆಯವರದ್ದೆಲ್ಲ ಏನೋ ಹೆಚ್ಚು ಕಡಿಮೆ ಆಗಿರಬಹುದು. ಇದೊಂದು ಮಾತ್ರ ಇದ್ದ ಹಾಗೇ ಬಂದಿದೆ ನೋಡಿ. ಕೆಲಸ ಎಲ್ಲೂ ಕಾಣಲ್ಲ, ಸಹಿ ಮಾತ್ರ ದೊಡ್ಡದಾಗಿದೆ!"